ಪಪ್ಪಾಯಿ ಸೊನೆ ಮತ್ತು ಮುಖದ ಚರ್ಮ: ಒಂದು ಸಂಶೋಧನಾ ಟಿಪ್ಪಣಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಎಂದರೆ ಮೊದಲು ನೆನಪಾಗುವುದು ತೊಗರಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಇಲ್ಲಿ ಬಾವಿ, ಬೋರ್‌ವೆಲ್ ನೀರಿರುವ ಹೊಲಗಳಲ್ಲಿ ಪಪ್ಪಾಯಿಯನ್ನೂ ಬೆಳೆಯುತ್ತಾರೆ. ಮುಖದ ಕಾಂತಿಗೆಂದು ಕಡಲೆಹಿಟ್ಟು ಹಚ್ಚಿ ತಿಕ್ಕುವುದು, ಪಪ್ಪಾಯಿ ಹಣ್ಣಿನ ತಿರುಳು ಬಳಿದುಕೊಳ್ಳುವುದು ಎರಡೂ ಮನೆಮದ್ದುಗಳೇ. ಆದರೆ ಇವು ಒಂದೇ ಬಗೆಯವಲ್ಲ.

ಕಡಲೆಹಿಟ್ಟು ಕೆಲಸ ಮಾಡುವುದು ತಿಕ್ಕಾಟದಿಂದ. ಪಪ್ಪಾಯಿಯಲ್ಲಿರುವ ಕಿಣ್ವದ ದಾರಿ ಬೇರೆ. ಚರ್ಮದ ಮೇಲ್ಪದರದ ಸತ್ತ ಜೀವಕೋಶಗಳನ್ನು ಪ್ರೋಟೀನಿನ ಕೊಂಡಿಗಳು ಹಿಡಿದಿಟ್ಟಿರುತ್ತವೆ. ನಮ್ಮ ಚರ್ಮದಲ್ಲೇ ಇರುವ ಕಿಣ್ವಗಳು ಆ ಕೊಂಡಿಗಳನ್ನು ನಿಧಾನವಾಗಿ ಕಡಿದು, ಹಳೆಯ ಕೋಶಗಳನ್ನು ಉದುರಿಸುತ್ತವೆ. ಹೊರಗಿನಿಂದ ಹಚ್ಚಿದ ಪಪೇನ್ ಎಂಬ ಪಪ್ಪಾಯಿಯ ಕಿಣ್ವ ಕೂಡ ಪ್ರೋಟೀನನ್ನೇ ಕಡಿಯುತ್ತದೆ. ಈ ಕಿಣ್ವಕ್ಕೆ 1879ರಲ್ಲಿ ಹೆಸರಿಟ್ಟವರು ಫ್ರಾನ್ಸಿನ ವುರ್ಟ್ಸ್ ಮತ್ತು ಬೂಶು. ಕಲಬುರಗಿಯ ಅಡುಗೆಮನೆಗಳಿಗೆ ಇದರ ಗುಣ ಹೊಸದೇನಲ್ಲ: ಕಬಾಬಿನ ಮಾಂಸಕ್ಕೆ ಹಸಿ ಪಪ್ಪಾಯಿ ಅರೆದು ಹಚ್ಚಿಟ್ಟರೆ ಅದು ಮೆತ್ತಗಾಗುವುದು ಇದೇ ಕಿಣ್ವದಿಂದ.

ಪಪೇನ್ ಇರುವುದು ಮುಖ್ಯವಾಗಿ ಕಾಯಿಯ ಸೊನೆಯಲ್ಲಿ. ಬಲಿತ ಹಸಿರು ಕಾಯಿಗೆ ಬೆಳಗಿನ ಹೊತ್ತು ಸುಮಾರು ಮೂರು ಮಿಲಿಮೀಟರ್ ಆಳದ ಉದ್ದ ಗೀರು ಹಾಕಿದರೆ ಹಾಲಿನಂಥ ಸೊನೆ ಇಳಿಯುತ್ತದೆ; ಅದನ್ನು ಹದವಾದ ಶಾಖದಲ್ಲಿ ಒಣಗಿಸಿ ಪುಡಿ ಮಾಡುತ್ತಾರೆ. ಹಣ್ಣಾಗುತ್ತಾ ಬಂದಂತೆ ಸೊನೆ ಕಡಿಮೆಯಾಗುತ್ತದೆ. ಆದ್ದರಿಂದ ಮಾಗಿದ ತಿರುಳು ಮುಖವನ್ನು ತೇವವಾಗಿಡಬಹುದು. ಕಿಣ್ವದ ಕೆಲಸವನ್ನು ಅದರಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ.

ಪಪೇನ್ ಕ್ರೀಮಿನ ತಯಾರಿಕೆಯಲ್ಲೂ ತೊಡಕಿದೆ. ಕಿಣ್ವ ಕೆಲಸ ಮಾಡಲು ನೀರು ಬೇಕು. ಆದರೆ ನೀರಿನಲ್ಲೇ ಬಹುಕಾಲ ಇದ್ದರೆ ಅದರ ಶಕ್ತಿ ಕುಂದುತ್ತದೆ. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ತಗಡಿನ ಮಾಡಿನ ಅಂಗಡಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಕ್ರೀಮಿನಲ್ಲಿ ಎಷ್ಟು ಕಿಣ್ವ ಉಳಿದೀತು? ಬಳಸುವಾಗ ಮಾತ್ರ ನೀರು ಬೆರೆಸುವ ಒಣಪುಡಿಯೇ ಇದಕ್ಕೆ ಉತ್ತಮ ದಾರಿ. ಜಪಾನಿನಲ್ಲಿ ಕಿಣ್ವದ ಫೇಸ್‌ವಾಶ್ ಪುಡಿಗಳು ಬಳಕೆಯಲ್ಲಿವೆ. ಕಡಲೆಹಿಟ್ಟನ್ನು ಕಲಸಿಕೊಳ್ಳುವ ಕೈಗಳಿಗೆ ಈ ಕ್ರಮ ಅಪರಿಚಿತವಲ್ಲ.

ಅಪಾಯವನ್ನೂ ಹೇಳಲೇಬೇಕು. ಪಪೇನಿನಿಂದ ಕೆಲವರಿಗೆ ಅಲರ್ಜಿ ಬರುತ್ತದೆ. ರಬ್ಬರ್ ಲೇಟೆಕ್ಸ್ ಆಗದವರು ವಿಶೇಷವಾಗಿ ಎಚ್ಚರದಿಂದಿರಬೇಕು. ಅಲರ್ಜಿಯ ಗಂಭೀರ ಪ್ರಕರಣಗಳು ವರದಿಯಾದ ಮೇಲೆ, ಅನುಮೋದನೆಯಿಲ್ಲದ ಪಪೇನ್ ಲೇಪನ ಔಷಧಿಗಳ ಮಾರಾಟವನ್ನು ನಿಲ್ಲಿಸುವಂತೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಆದೇಶಿಸಿತು.

ಆದ್ದರಿಂದ ತಯಾರಕರು ‘ಪಪ್ಪಾಯಿ ಸಾರ’ ಎಂದಷ್ಟೇ ಬರೆಯದೆ, ಕಿಣ್ವದ ಸಕ್ರಿಯತೆಯನ್ನು ಲೇಬಲ್ಲಿನ ಮೇಲೆ ನಮೂದಿಸಬೇಕು. ಕೊಳ್ಳುವವರು ಮೊದಲು ಮೊಳಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ಒಂದು ದಿನ ಕಾಯ್ದು ನೋಡಬೇಕು. ಗಿಡದಿಂದ ನೇರವಾಗಿ ತೆಗೆದ ಹಸಿ ಸೊನೆಯನ್ನಂತೂ ಯಾರೂ ಮುಖಕ್ಕೆ ಹಚ್ಚಿಕೊಳ್ಳಬಾರದು.