ಅಗಲವಾದ ಪರದೆ, ಅಳತೆ ತಪ್ಪಿದ ಚಿತ್ರ



ಬೆಳಗಾವಿ ಕೋಟೆಯೊಳಗಿನ ಸಫಾ ಮಸೀದಿಯ ಚಿತ್ರವನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿ. ಕಂಬಗಳು ಇರುವುದಕ್ಕಿಂತ ದಪ್ಪವಾಗಿ ಕಾಣುತ್ತಿವೆಯೇ? ಖಾನಾಪುರ ತಾಲ್ಲೂಕಿನ ಹಲಸಿಯ ಭೂವರಾಹ ನರಸಿಂಹ ದೇವಾಲಯದ ಶಿಖರ ಗಿಡ್ಡವಾಗಿದೆಯೇ? ಹಾಗಿದ್ದರೆ ತಪ್ಪು ಕಟ್ಟಿದವರದಲ್ಲ. ಚಿತ್ರದ ಅಗಲ-ಎತ್ತರಗಳ ಅನುಪಾತ ಕೆಟ್ಟಿದೆ ಎಂದರ್ಥ. ಈ ಅನುಪಾತಕ್ಕೆ ದೊಡ್ಡ ಇತಿಹಾಸವೇ ಇದೆ.

ನುಕ್ತೆಯ ಅಳತೆ

ಅರಬಿ ಲಿಪಿಗೆ ಅನುಪಾತದ ನಿಯಮ ರೂಪಿಸಿದ ಕೀರ್ತಿ ಬಾಗ್ದಾದಿನ ವಜೀರರಾಗಿದ್ದ ಇಬ್ನ್ ಮುಕ್ಲಾ ಅವರಿಗೆ ಸಲ್ಲುತ್ತದೆ. ಅವರು 940ರಲ್ಲಿ ನಿಧನರಾದರು. ಕಲಮಿನ ತುದಿಯಿಂದ ಇಟ್ಟ ಒಂದು ನುಕ್ತೆಯೇ ಅಲ್ಲಿ ಅಳತೆಗೋಲು. ಅಲಿಫ್‌ನ ಎತ್ತರವನ್ನೂ ಉಳಿದ ಅಕ್ಷರಗಳ ಬಾಗನ್ನೂ ಅದರಿಂದಲೇ ಎಣಿಸುತ್ತಾರೆ. ದಪ್ಪ ಕಲಮಿನಿಂದ ಬರೆದರೆ ಅಕ್ಷರ ದೊಡ್ಡದಾಗುತ್ತದೆಯೇ ಹೊರತು ರೂಪ ಕೆಡುವುದಿಲ್ಲ. ಖುಶ್‌ಖತ್ ಕಲಿತ ಪ್ರತಿಯೊಬ್ಬರಿಗೂ ಇದು ಗೊತ್ತು.

ಸಿನಿಮಾದಿಂದ ಲ್ಯಾಪ್‌ಟಾಪಿಗೆ

1890ರ ದಶಕದಲ್ಲಿ ಎಡಿಸನ್ ಪ್ರಯೋಗಶಾಲೆಯ ಡಿಕ್ಸನ್ ಅವರು ಫಿಲ್ಮಿನ ಚಿತ್ರಕ್ಕೆ 4 ಪಾಲು ಅಗಲ, 3 ಪಾಲು ಎತ್ತರ ಎಂಬ ಅಳತೆ ಇಟ್ಟರು. ಮುಂದೆ ಟಿ.ವಿ.ಯೂ ಹಳೆಯ ಕಂಪ್ಯೂಟರ್ ಮಾನಿಟರ್‌ಗಳೂ ಇದನ್ನೇ ಅನುಸರಿಸಿದವು. ಟಿ.ವಿ.ಗೆ ಪೈಪೋಟಿ ಕೊಡಲು 1953ರಲ್ಲಿ ಹಾಲಿವುಡ್ ಸಿನಿಮಾಸ್ಕೋಪ್ ತಂದಿತು. ನಮ್ಮ ದೇಶದಲ್ಲಿ, ಬೆಂಗಳೂರಿನಲ್ಲಿ ಜನಿಸಿದ ಗುರುದತ್ ಅವರ 'ಕಾಗಜ್ ಕೆ ಫೂಲ್' 1959ರಲ್ಲಿ ಈ ವಿಧಾನದಲ್ಲಿ ಬಂತು. ಇಲ್ಲಿ ಕ್ಯಾಮೆರಾದ ವಿಶೇಷ ಮಸೂರವು ದೃಶ್ಯವನ್ನು ಅಡ್ಡಲಾಗಿ ಹಿಂಡಿ ಫಿಲ್ಮಿಗೆ ಇಳಿಸುತ್ತದೆ. ಚಿತ್ರಮಂದಿರದ ಮಸೂರ ಅಷ್ಟೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆ. ಹಿಂಡಿದಷ್ಟೇ ಹಿಗ್ಗಿಸಿದರೆ ಮುಖ ಮುಖವಾಗಿಯೇ ಉಳಿಯುತ್ತದೆ.

1980ರ ದಶಕದಲ್ಲಿ ಕರ್ನ್ಸ್ ಪವರ್ಸ್ ಎಂಬ ಇಂಜಿನಿಯರ್ 16:9 ಅನುಪಾತವನ್ನು ಸೂಚಿಸಿದರು. 2000ದ ದಶಕದಲ್ಲಿ ಲ್ಯಾಪ್‌ಟಾಪ್ ಪರದೆಗಳು ಅಗಲವಾದವು. ತೊಂದರೆ ಶುರುವಾದದ್ದು ಇಲ್ಲಿಯೇ. 1366×768 ಚುಕ್ಕೆಗಳ ಪರದೆಯಲ್ಲಿ ಹಳೆಯ 1024×768 ರೆಸಲ್ಯೂಶನ್ ಇಟ್ಟು, ಪರದೆ ತುಂಬುವಂತೆ ಮಾಡಿದರೆ ಎತ್ತರ ಹಾಗೇ ಉಳಿದು ಅಗಲ ಮಾತ್ರ ಮೂರನೇ ಒಂದರಷ್ಟು ಹೆಚ್ಚುತ್ತದೆ. ಇಲ್ಲಿ ಹಿಂಡಿದ್ದೇನೂ ಇಲ್ಲ, ಬರೀ ಹಿಗ್ಗಿಸಿದ್ದು. ವೃತ್ತ ಮೊಟ್ಟೆಯಾಗುತ್ತದೆ, ಉರ್ದುವಿನ 'ನೂನ್' ತಟ್ಟೆಯಂತಾಗುತ್ತದೆ.

ಸರಿಪಡಿಸುವುದು ಹೇಗೆ?

ಮೊದಲು ಒಂದು ವೃತ್ತದ ಚಿತ್ರ ತೆರೆದು ಅದರ ಅಗಲ-ಎತ್ತರಗಳನ್ನು ಸ್ಕೇಲಿನಿಂದ ಅಳೆಯಿರಿ. ಎರಡೂ ಸಮವಾಗಿಲ್ಲದಿದ್ದರೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ, 'ರೆಕಮೆಂಡೆಡ್' ಎಂದು ಬರೆದಿರುವ ರೆಸಲ್ಯೂಶನ್ ಆರಿಸಿ. ಪರದೆಗೆ ಹೊಂದುವ ಸಂಖ್ಯೆ ಪಟ್ಟಿಯಲ್ಲೇ ಇಲ್ಲದಿದ್ದರೆ ಗ್ರಾಫಿಕ್ಸ್ ಡ್ರೈವರ್ ಹಾಕಬೇಕಾಗುತ್ತದೆ. ವೃತ್ತ ಸರಿಯಿದ್ದು ಒಂದೇ ಚಿತ್ರ ಕೆಟ್ಟಿದ್ದರೆ, ಅದನ್ನು ಪುಟಕ್ಕೆ ಸೇರಿಸಿದವರು ಅಗಲ-ಎತ್ತರಗಳನ್ನು ತಪ್ಪಾಗಿ ಕೊಟ್ಟಿದ್ದಾರೆ ಎಂದು ತಿಳಿಯಿರಿ. ಆಗ ಮೂಲ ಚಿತ್ರವನ್ನೇ ಪ್ರತ್ಯೇಕವಾಗಿ ತೆರೆದು ಉಳಿಸಿಕೊಳ್ಳಿ. ನೀವೇ ಚಿತ್ರ ಸೇರಿಸುವಾಗ ಪಕ್ಕದ ಅಂಚನ್ನು ಹಿಡಿದು ಎಳೆಯಬೇಡಿ. ಮೂಲೆಯನ್ನು ಹಿಡಿದು ಎಳೆಯಿರಿ. ಜಾಗಕ್ಕೆ ಹೊಂದದಿದ್ದರೆ ಬೇಡದ ಭಾಗ ಕತ್ತರಿಸಿ, ಇಲ್ಲವೇ ಪಕ್ಕದಲ್ಲಿ ಖಾಲಿ ಬಿಡಿ.

ಇದು ಸಣ್ಣ ವಿಷಯವೆಂದು ಕಡೆಗಣಿಸಬೇಡಿ. ಸಫಾ ಮಸೀದಿಯ ಕಂಬಗಳ ಮೇಲೆ ಹಳೆಯ ಶಾಸನಗಳಿವೆ. ಕದಂಬರ ಹಲಸಿಯನ್ನು ಕಣ್ಣಾರೆ ಕಾಣದ ಮಕ್ಕಳು ನಮ್ಮಲ್ಲಿ ಎಷ್ಟೋ ಮಂದಿ. ಅವರು ಪ್ರಾಜೆಕ್ಟ್ ಪುಸ್ತಕಕ್ಕೆ ಅಂಟಿಸುವುದು ಪರದೆಯ ಚಿತ್ರವನ್ನೇ. ನಾಳೆ ಕಲ್ಲು ಸವೆದು ಅಕ್ಷರ ಅಳಿಸಿದಾಗ ಆ ಚಿತ್ರವೇ ಸಾಕ್ಷಿ ಹೇಳಬೇಕು. ಇತಿಹಾಸದ ವಿದ್ಯಾರ್ಥಿ ಅಂಥ ಸಾಕ್ಷ್ಯವನ್ನು ಹಿಗ್ಗಿಸಲೂಬಾರದು, ಕುಗ್ಗಿಸಲೂಬಾರದು. ಪಾಲಕರೇ, ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸುವಾಗ ಈ ಎರಡು ನಿಮಿಷದ ಪರೀಕ್ಷೆಯನ್ನೂ ಕಲಿಸಿಕೊಡಿ.