ಮುಂಗಾಲು, ಬೆನ್ನು, ಚೆಂಡಿನ ಲೆಕ್ಕ: ವೇಗದ ಬೌಲಿಂಗ್‌ನ ಬಯೋಮೆಕಾನಿಕ್ಸ್

1973ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಆಸ್ಟ್ರೇಲಿಯದ ವೇಗಿ ಡೆನಿಸ್ ಲಿಲ್ಲಿಯ ಕೆಳಬೆನ್ನಿನ ಕಶೇರುಗಳು ಬಿರುಕು ಬಿಟ್ಟವು. ವಾರಗಟ್ಟಲೆ ಮುಂಡಕ್ಕೆ ಪ್ಲಾಸ್ಟರ್ ಕಟ್ಟಿಸಿಕೊಂಡಿದ್ದ ಅವರು, ಪರ್ತ್‌ನ ವೆಸ್ಟರ್ನ್ ಆಸ್ಟ್ರೇಲಿಯ ವಿಶ್ವವಿದ್ಯಾಲಯದ ಫ್ರಾಂಕ್ ಪೈಕ್ ಅವರ ನೆರವಿನಿಂದ ಕಠಿಣ ವ್ಯಾಯಾಮ ಮಾಡಿ 1974-75ರ ಆ್ಯಶಸ್ ಸರಣಿಗೆ ಮರಳಿದರು. ವೇಗದ ಬೌಲರನ ಬೆನ್ನು ಏಕೆ ಮುರಿಯುತ್ತದೆ ಎಂಬ ಪ್ರಶ್ನೆಯನ್ನು ಮುಂದೆ ವ್ಯವಸ್ಥಿತವಾಗಿ ಕೈಗೆತ್ತಿಕೊಂಡದ್ದೂ ಅದೇ ವಿಶ್ವವಿದ್ಯಾಲಯ. ಡೆರಿಲ್ ಫಾಸ್ಟರ್, ಬ್ರೂಸ್ ಎಲಿಯಟ್ ಮತ್ತು ಸಂಗಡಿಗರು ಅಲ್ಲಿ ಕ್ಯಾಮೆರಾ ಹಾಗೂ ಪಾದ ನೆಲಕ್ಕೆ ಊರುವ ಬಲ ಅಳೆಯುವ ಫೋರ್ಸ್ ಪ್ಲೇಟ್ ಹಿಡಿದು ಹುಡುಗರ ಬೌಲಿಂಗ್ ಅಳೆಯತೊಡಗಿದರು. ಲಿಲ್ಲಿ 1987ರಿಂದ ಚೆನ್ನೈನ ಎಂಆರ್‌ಎಫ್ ಪೇಸ್ ಫೌಂಡೇಶನ್‌ನಲ್ಲಿ ಭಾರತದ ಹುಡುಗರಿಗೆ ಪಾಠ ಹೇಳಿದರು. ಮೈಸೂರಿನ ಜಾವಗಲ್ ಶ್ರೀನಾಥ್, ಬೆಂಗಳೂರಿನ ವೆಂಕಟೇಶ್ ಪ್ರಸಾದ್ ಅಲ್ಲಿ ಪಳಗಿದವರೇ. ಹಾಗಾಗಿ ಪರ್ತ್‌ನಲ್ಲಿ ನಡೆದ ಸಂಶೋಧನೆ ಕನ್ನಡದ ಓದುಗರಿಗೆ ದೂರದ ಸುದ್ದಿಯೇನಲ್ಲ.

ಈ ಸಂಶೋಧನೆಯನ್ನು ನಾವು ತಪ್ಪು ಕಡೆಯಿಂದ ಬಳಸುತ್ತಿದ್ದೇವೆ ಎಂಬುದು ಈ ಲೇಖನದ ವಾದ. ಬಯೋಮೆಕಾನಿಕ್ಸ್, ಅಂದರೆ ದೇಹದ ಚಲನೆ ಮತ್ತು ಬಲಗಳ ವಿಜ್ಞಾನ, ಎಂದ ಕೂಡಲೇ ಬೆಳೆದ ಆಟಗಾರನ ಆ್ಯಕ್ಷನ್ ತಿದ್ದುವ ಪ್ರಯೋಗಾಲಯ ಕಣ್ಮುಂದೆ ಬರುತ್ತದೆ. ಆದರೆ ನಾಲ್ಕು ದಶಕಗಳ ಅಧ್ಯಯನಗಳನ್ನು ಒಟ್ಟಿಗೆ ಓದಿದರೆ ಅವು ಬೊಟ್ಟು ಮಾಡುವುದು ಹದಿಮೂರರಿಂದ ಹತ್ತೊಂಬತ್ತರ ವಯಸ್ಸಿನ ಕಡೆಗೆ ಮತ್ತು ಆ ವಯಸ್ಸಿನಲ್ಲಿ ಎಸೆದ ಚೆಂಡುಗಳ ಸಂಖ್ಯೆಯ ಕಡೆಗೆ.

ಮೊದಲು ವೇಗ ಹುಟ್ಟುವ ಬಗೆ. ಉತ್ತಮ ವೇಗಿ ಸೆಕೆಂಡಿಗೆ ಸುಮಾರು 6 ಮೀಟರ್ ವೇಗದಲ್ಲಿ ಕ್ರೀಸಿಗೆ ಬರುತ್ತಾನೆ. ಮುಂಗಾಲು ನೆಲಕ್ಕೆ ಊರಿದ ಕ್ಷಣದಿಂದ ಚೆಂಡು ಕೈಬಿಡುವ ತನಕ ಇರುವ ಅವಧಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು. ಆಗುವುದೆಲ್ಲ ಆಗುವುದು ಅಷ್ಟರಲ್ಲೇ. ಮುಂಗಾಲು ಗಟ್ಟಿಯಾಗಿ ನಿಂತರೆ, ಓಡುವಾಗ ಕಲ್ಲು ಎಡವಿದವನ ಮೇಲ್ದೇಹ ಮುಂದಕ್ಕೆ ಬೀಸಿ ಹೋಗುವ ಹಾಗೆ, ದೇಹವಿಡೀ ಆ ಪಾದದ ಸುತ್ತ ತಿರುಗುತ್ತದೆ. ಪಾದದಿಂದ ಹೆಚ್ಚು ದೂರದಲ್ಲಿರುವುದು ಭುಜ ಮತ್ತು ಕೈ, ಆದ್ದರಿಂದ ಹೆಚ್ಚು ವೇಗ ಸಿಗುವುದೂ ಅವಕ್ಕೇ. ಮಂಡಿ ಬಾಗಿದರೆ ಓಟದ ಚಲನೆಯ ಒಂದಷ್ಟು ಪಾಲು ತೊಡೆಯ ಸ್ನಾಯುಗಳಲ್ಲೇ ಕರಗಿಹೋಗುತ್ತದೆ.

ಇದನ್ನು ಅಂಕಿಗಳಲ್ಲಿ ತೋರಿಸಿದವರು ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಪೀಟರ್ ವರ್ದಿಂಗ್ಟನ್, ಮಾರ್ಕ್ ಕಿಂಗ್ ಮತ್ತು ಅವರೊಡನೆ ದುಡಿದ ಕ್ರೇಗ್ ರ‍್ಯಾನ್ಸನ್. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಉನ್ನತ ಮಟ್ಟದ 20 ವೇಗಿಗಳಿದ್ದರು. ಓಟದ ವೇಗ, ಮುಂಗಾಲಿನ ಮಂಡಿ ನೆಟ್ಟಗಿರುವುದು, ಮುಂಗಾಲು ಊರಿದ ಮೇಲೆ ಮೇಲ್ಮುಂಡ ಎಷ್ಟು ಬಾಗುತ್ತದೆ ಎಂಬುದು, ಬೌಲ್ ಮಾಡುವ ತೋಳು ಎಷ್ಟು ತಡವಾಗಿ ಸುತ್ತಿ ಬರುತ್ತದೆ ಎಂಬುದು: ಈ ನಾಲ್ಕೇ ಅಂಶಗಳು ಆ ಬೌಲರುಗಳ ವೇಗದ ವ್ಯತ್ಯಾಸದ ಶೇ. 74ರಷ್ಟನ್ನು ವಿವರಿಸಿದವು. ಕ್ರೀಡಾ ವಿಜ್ಞಾನದಲ್ಲಿ ಇಷ್ಟು ಕೆಲವೇ ಅಂಶಗಳಿಂದ ಇಷ್ಟು ವಿವರಣೆ ದೊರೆಯುವುದು ಅಪರೂಪ.   

ಆದರೆ ಶೇ. 74 ಎಂಬ ಅಂಕಿಯನ್ನು ಎಚ್ಚರದಿಂದ ಓದಬೇಕು. ಅದು ಒಬ್ಬ ಬೌಲರನಿಗೂ ಇನ್ನೊಬ್ಬನಿಗೂ ಇರುವ ಅಂತರದ ಮಾತು. ಮಂಡಿ ನೆಟ್ಟಗಿಟ್ಟವರು ವೇಗಿಗಳು ಎಂದರೆ, ಮಂಡಿ ಬಾಗಿಸುವ ಹುಡುಗನಿಗೆ ‘ನೆಟ್ಟಗಿಡು’ ಎಂದು ಹೇಳಿದರೆ ಅವನೂ ವೇಗಿಯಾಗುತ್ತಾನೆ ಎಂದರ್ಥವಲ್ಲ. ಅವನ ತೊಡೆಯಲ್ಲಿ ಆ ಹೊಡೆತ ತಡೆಯುವ ಶಕ್ತಿ ಇಲ್ಲದಿರಬಹುದು, ಅವನ ದೇಹ ಮಂಡಿ ಬಾಗಿಸಿ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿರಬಹುದು. ಲಫ್‌ಬರೋ ತಂಡವೇ ಮುಂದೆ ಒಬ್ಬೊಬ್ಬ ಬೌಲರನ ದೇಹಕ್ಕೆ ಹೊಂದುವ ಕಂಪ್ಯೂಟರ್ ಮಾದರಿಗಳನ್ನು ಕಟ್ಟಲು ಹೊರಟದ್ದು ಈ ಕಾರಣಕ್ಕೇ. ನಮ್ಮ ನೆಟ್‌ಗಳಲ್ಲಿ ಯೂಟ್ಯೂಬ್ ವಿಡಿಯೊ ತೋರಿಸಿ ಹುಡುಗರ ಮಂಡಿ ನೆಟ್ಟಗೆ ಮಾಡಿಸುವ ಉತ್ಸಾಹ ಹಬ್ಬುತ್ತಿರುವಾಗ ಈ ವ್ಯತ್ಯಾಸವನ್ನು ಒತ್ತಿ ಹೇಳಲೇಬೇಕು.

ಈಗ ಅದೇ ಕ್ಷಣದ ಇನ್ನೊಂದು ಮುಖ. ಅದೇ 20 ಬೌಲರುಗಳ ಮುಂಗಾಲು ನೆಲಕ್ಕೆ ಬಡಿದಾಗ ನೆಲ ಮೇಲ್ಮುಖವಾಗಿ ಹಿಂದಿರುಗಿಸಿದ ಗರಿಷ್ಠ ಬಲ ಸರಾಸರಿ ದೇಹತೂಕದ 6.7 ಪಟ್ಟು. ಹಿಂದಕ್ಕೆ ತಡೆಯುವ ಬಲ 4.5 ಪಟ್ಟು. ಬೌಲರ್ 80 ಕಿಲೋ ತೂಗಿದರೆ ಮೊದಲನೆಯದು ಸುಮಾರು 5,250 ನ್ಯೂಟನ್, ಅಂದರೆ 536 ಕಿಲೋ ಭಾರಕ್ಕೆ ಸಮ. ದಿನಕ್ಕೆ 20 ಓವರ್ ಮಾಡಿದರೆ ಆ ಕಾಲು ಇದನ್ನು 120 ಸಲ ಹೊರುತ್ತದೆ, ನೋಬಾಲ್, ವೈಡ್‌ಗಳು ಬೇರೆ. ಬಲದ ಪ್ರಮಾಣದಷ್ಟೇ ಅದು ಏರುವ ವೇಗವೂ ಮುಖ್ಯ. ಹಿಮ್ಮಡಿ ಮೊದಲು ಊರುವವರಲ್ಲಿ ಬಲ ಏರುವ ವೇಗ ಕಡಿಮೆ ಎಂದು ಅದೇ ತಂಡ ಕಂಡುಕೊಂಡಿತು.

ಈ ಬಲ ಕಾಲಿನಿಂದ ಮೇಲೇರಿ ಸೊಂಟಕ್ಕೆ ಬರುವಾಗ ಬೆನ್ನು ಯಾವ ಭಂಗಿಯಲ್ಲಿದೆ ಎಂಬುದೇ ನಿರ್ಣಾಯಕ. ಬಲಗೈ ಬೌಲರ್ ಒಬ್ಬನನ್ನು ಹಿಂದಿನಿಂದ ನೋಡಿ. ಎಡಗಾಲು ಊರಿದ ಗಳಿಗೆಯಲ್ಲಿ ಅವನ ಮುಂಡ ಎಡಕ್ಕೆ ವಾಲಿರುತ್ತದೆ, ಕೆಳಬೆನ್ನು ಇನ್ನೂ ಹಿಂದಕ್ಕೆ ಬಾಗಿರುತ್ತದೆ, ಜೊತೆಗೆ ತಿರುಚುತ್ತಲೂ ಇರುತ್ತದೆ. ವಾಲುವಿಕೆ, ಹಿಂಬಾಗು, ತಿರುಚು ಈ ಮೂರೂ ಸೇರಿದಾಗ ಕೆಳಗಿನ ಕಶೇರುಗಳ ಎಡಬದಿಯ ಕೀಲುಗಳು ಒಂದರ ಮೇಲೊಂದು ಒತ್ತುತ್ತವೆ. ಪ್ರತಿ ಕಶೇರುವಿನಲ್ಲಿ ಮೇಲಿನ ಕೀಲಿಗೂ ಕೆಳಗಿನ ಕೀಲಿಗೂ ನಡುವೆ ಎಲುಬಿನ ಒಂದು ಕಿರಿದಾದ ಭಾಗವಿದೆ, ವೈದ್ಯರು ಅದನ್ನು ಪಾರ್ಸ್ ಎನ್ನುತ್ತಾರೆ. ಮತ್ತೆ ಮತ್ತೆ ಬೀಳುವ ಹೊರೆಯಿಂದ ಎಲುಬು ಬಿರುಕು ಬಿಡುವ ಸ್ಟ್ರೆಸ್ ಫ್ರಾಕ್ಚರ್ ಕಾಣಿಸುವುದು ಅಲ್ಲಿ, ಅದರಲ್ಲೂ ಬೌಲ್ ಮಾಡುವ ಕೈಯ ಎದುರು ಬದಿಯಲ್ಲಿ. ಎಲುಬು ಜೀವಂತ ವಸ್ತು. ಪ್ರತಿ ಸ್ಪೆಲ್‌ನಲ್ಲಿ ಆಗುವ ಸೂಕ್ಷ್ಮ ಹಾನಿಯನ್ನು ಒಂದು ಬಗೆಯ ಜೀವಕೋಶಗಳು ಕೆರೆದು ತೆಗೆಯುತ್ತವೆ, ಇನ್ನೊಂದು ಬಗೆಯವು ಹೊಸ ಎಲುಬು ತುಂಬುತ್ತವೆ. ಕೆರೆಯುವುದು ಬೇಗ, ತುಂಬುವುದು ನಿಧಾನ. ತುಂಬುವ ಮೊದಲೇ ಮುಂದಿನ ಪಂದ್ಯ ಬಂದರೆ ಆ ಜಾಗ ಮೊದಲಿಗಿಂತ ದುರ್ಬಲವಾಗಿರುತ್ತದೆ. ಎಂಆರ್‌ಐಯಲ್ಲಿ ಬಿರುಕಿಗೂ ಮುಂಚೆಯೇ ಎಲುಬಿನ ಮಜ್ಜೆಯ ಬಾವು ಕಾಣಿಸುವುದು ಈ ಹಂತದಲ್ಲೇ.

ಪರ್ತ್‌ನ ತಂಡದ ಗಮನ ಸೆಳೆದದ್ದು ಭುಜದ ಎದುರು ತಿರುವು. ಹಿಂಗಾಲು ಊರಿದಾಗ ಬ್ಯಾಟ್ಸ್‌ಮನ್ ಕಡೆಗೆ ತೆರೆದಿದ್ದ ಭುಜಗಳನ್ನು ಕೆಲವರು ಮತ್ತೆ ಹಿಂದಕ್ಕೆ ಸೈಡ್-ಆನ್ ಸ್ಥಿತಿಗೆ ಎಳೆದುಕೊಂಡು ಆಮೇಲೆ ಬೌಲ್ ಮಾಡುತ್ತಾರೆ. ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ. ಇದೇ ಮಿಶ್ರ ಆ್ಯಕ್ಷನ್. 1989ರಲ್ಲಿ ಫಾಸ್ಟರ್ ಮತ್ತು ಸಂಗಡಿಗರು 82 ಯುವ ವೇಗಿಗಳನ್ನು ಒಂದು ಋತುವಿಡೀ ಹಿಂಬಾಲಿಸಿದ ವರದಿ ಪ್ರಕಟವಾಯಿತು. ಆ ಹುಡುಗರ ಸರಾಸರಿ ವಯಸ್ಸು ಹದಿನೇಳರ ಒಳಗೆ. ಶೇ. 11 ಮಂದಿಗೆ ಕಶೇರುವಿನ ಸ್ಟ್ರೆಸ್ ಫ್ರಾಕ್ಚರ್, ಶೇ. 27 ಮಂದಿಗೆ ಬೆನ್ನಿನ ಮೃದು ಅಂಗಾಂಶದ ಗಾಯ. ಭುಜವನ್ನು 40 ಡಿಗ್ರಿಗಿಂತ ಹೆಚ್ಚು ಎದುರು ತಿರುಗಿಸುವವರು ಮತ್ತು ಅತಿ ಹೆಚ್ಚು ಬೌಲ್ ಮಾಡಿದವರು ಗಾಯಾಳುಗಳ ಸಾಲಿನಲ್ಲಿ ಎದ್ದು ಕಂಡರು. 2004ರಲ್ಲಿ ಮಾರ್ಕ್ ಪೋರ್ಟಸ್ ನೇತೃತ್ವದ ಆಸ್ಟ್ರೇಲಿಯದ ಅಧ್ಯಯನವೂ ಸ್ಟ್ರೆಸ್ ಫ್ರಾಕ್ಚರ್ ಆದವರಲ್ಲಿ ಎದುರು ತಿರುವು ಹೆಚ್ಚೆಂದು ಹೇಳಿತು.

ಹಾಗಾದರೆ ಆ್ಯಕ್ಷನ್ ತಿದ್ದಿದರಾಯಿತಲ್ಲ? ಇಲ್ಲಿ ಎರಡು ಅಧ್ಯಯನಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಎಲಿಯಟ್ ಮತ್ತು ಖಂಗೂರೆ 2002ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಹದಿಮೂರರ ಆಸುಪಾಸಿನ ಹುಡುಗರಿಗೆ ಕೆಲವು ವರ್ಷ ಸಣ್ಣ ಗುಂಪುಗಳಲ್ಲಿ ತರಬೇತಿ ಕೊಟ್ಟಾಗ ಎದುರು ತಿರುವು ತಗ್ಗಿತು, ಬೆನ್ನಿನ ಡಿಸ್ಕ್ ಸವೆತವೂ ತಗ್ಗಿತು. ರ‍್ಯಾನ್ಸನ್ ಮತ್ತು ಸಂಗಡಿಗರ 2009ರ ಅಧ್ಯಯನದಲ್ಲಿ ಉನ್ನತ ಮಟ್ಟ ಮುಟ್ಟಿದ ವೇಗಿಗಳಿಗೆ ಎರಡು ವರ್ಷ ತರಬೇತಿ ನಡೆಯಿತು. ಭುಜದ ತಿರುವೇನೋ ಸುಧಾರಿಸಿತು, ಆದರೆ ಕೆಳಮುಂಡದ ವಾಲುವಿಕೆ ಮತ್ತು ಮುಂಗಾಲಿನ ಮಂಡಿ ಇದ್ದ ಹಾಗೇ ಇದ್ದವು. ಪಾರ್ಸ್ ಮೇಲೆ ಭಾರ ಹಾಕುವುದರಲ್ಲಿ ವಾಲುವಿಕೆಯದೇ ದೊಡ್ಡ ಪಾತ್ರವೆಂದು ಮುಂದಿನ ಸಂಶೋಧನೆ ಒತ್ತುತ್ತಿರುವಾಗ ಇದು ಸಣ್ಣ ಮಾತಲ್ಲ. ತಿದ್ದಲು ಬರುವುದನ್ನು ತಿದ್ದುವ ವಯಸ್ಸು ಹದಿಮೂರು. ಇಪ್ಪತ್ತರಾಚೆ ದೇಹ ತನ್ನ ಹಾದಿಯನ್ನು ಆರಿಸಿಕೊಂಡು ಆಗಿರುತ್ತದೆ.

ಜಸ್ಪ್ರೀತ್ ಬುಮ್ರಾ ಇದಕ್ಕೆ ಎಲ್ಲರಿಗೂ ಗೊತ್ತಿರುವ ನಿದರ್ಶನ. ಚಿಕ್ಕ ಓಟ, ಬಹುತೇಕ ನೆಟ್ಟಗಿರುವ ಮುಂಗಾಲು, ಮೊಣಕೈಯ ಸಹಜ ಹಿಂಬಾಗು ಸೇರಿದ ಅವರ ಆ್ಯಕ್ಷನ್ ಯಾವ ಕೈಪಿಡಿಯಲ್ಲೂ ಇಲ್ಲ. 2019ರಲ್ಲಿ ಕೆಳಬೆನ್ನಿಗೆ ಸ್ಟ್ರೆಸ್ ಫ್ರಾಕ್ಚರ್, 2022ರಲ್ಲಿ ಮತ್ತೆ ಬೆನ್ನುನೋವಿನಿಂದ ಟಿ20 ವಿಶ್ವಕಪ್ ತಪ್ಪಿತು, 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆ. ಅದೇ ವರ್ಷ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಕೂಡ ಸೊಂಟದ ಕಶೇರುವಿನ ಸ್ಟ್ರೆಸ್ ಫ್ರಾಕ್ಚರಿಗಾಗಿ ಶಸ್ತ್ರಚಿಕಿತ್ಸೆ ಹಾದಿ ಹಿಡಿದರು. ಆಗಸ್ಟ್‌ನಲ್ಲಿ ಐರ್ಲೆಂಡ್ ವಿರುದ್ಧದ ಸರಣಿಯಲ್ಲಿ ಇಬ್ಬರೂ ಒಟ್ಟಿಗೆ ಮರಳಿದರು. ಬುಮ್ರಾ ತಮ್ಮ ಆ್ಯಕ್ಷನ್ನನ್ನು ಉಳಿಸಿಕೊಂಡೇ 2024ರಲ್ಲಿ 71 ಟೆಸ್ಟ್ ವಿಕೆಟ್ ಪಡೆದರು. 2024-25ರ ಆಸ್ಟ್ರೇಲಿಯ ಪ್ರವಾಸದ ಐದು ಟೆಸ್ಟ್‌ಗಳಲ್ಲಿ 151.2 ಓವರ್ ಮಾಡಿ 32 ವಿಕೆಟ್ ಪಡೆದ ಅವರನ್ನು ಕೊನೆಗೆ ಸಿಡ್ನಿಯಲ್ಲಿ ಬೆನ್ನೇ ಹೊರಗೆ ಕೂರಿಸಿತು. ಮುಂದಿನ ಇಂಗ್ಲೆಂಡ್ ಪ್ರವಾಸದಲ್ಲಿ ತಂಡ ಅವರನ್ನು ಐದರಲ್ಲಿ ಮೂರೇ ಟೆಸ್ಟ್ ಆಡಿಸಿತು. ಟೀಕೆ ಬಂತು. ಆದರೆ ಆ್ಯಕ್ಷನ್ ಮುಟ್ಟದೆ ಓವರ್ ಎಣಿಸುವ ಆ ನಿರ್ಧಾರ ಸಂಶೋಧನೆಗೆ ಹತ್ತಿರವಾದದ್ದು ಎಂದೇ ನನ್ನ ಅಭಿಪ್ರಾಯ.

ಎಣಿಕೆಯ ವಿಷಯದಲ್ಲಿ ಆಸ್ಟ್ರೇಲಿಯದ ಜಾನ್ ಆರ್ಚರ್ಡ್ ಮತ್ತು ಸಂಗಡಿಗರ 2009ರ ಅಧ್ಯಯನ ಕಣ್ಣು ತೆರೆಸುವಂಥದ್ದು. ಒಂದು ಪಂದ್ಯದಲ್ಲಿ 50ಕ್ಕಿಂತ ಹೆಚ್ಚು ಓವರ್ ಮಾಡಿದ ವೇಗಿಗಳಲ್ಲಿ ಗಾಯದ ಅಪಾಯ ಏರಿದ್ದು ಮುಂದಿನ 21 ದಿನಗಳಲ್ಲಿ, ಅದೂ 1.77 ಪಟ್ಟು. ಕಾರಣಕ್ಕೂ ನೋವಿಗೂ ನಡುವೆ ಮೂರು ವಾರದವರೆಗೂ ಅಂತರ! ನೋವು ಬಂದ ದಿನದ ಪಂದ್ಯವನ್ನೋ ಪಿಚ್ಚನ್ನೋ ದೂರುವವರು ನಿಜವಾದ ಕಾರಣವನ್ನು ಹಿಂದಿನ ತಿಂಗಳಲ್ಲೇ ಬಿಟ್ಟು ಬಂದಿರುತ್ತಾರೆ. ಈ ವಾರದ ಹೊರೆಯನ್ನು ನಾಲ್ಕು ವಾರಗಳ ಸರಾಸರಿಯಿಂದ ಭಾಗಿಸುವ ಇನ್ನೊಂದು ಸೂತ್ರ 2014ರ ನಂತರ ಬಹಳ ಜನಪ್ರಿಯವಾಯಿತು, ಆ್ಯಪ್‌ಗಳಲ್ಲೂ ಸೇರಿತು. ಅದರಲ್ಲಿ ಈ ವಾರದ ಅಂಕಿ ನಾಲ್ಕು ವಾರಗಳ ಸರಾಸರಿಯ ಒಳಗೇ ಅಡಗಿರುತ್ತದೆ, ಕಾರಣ-ಪರಿಣಾಮದ ಸಾಕ್ಷ್ಯವೂ ದುರ್ಬಲ ಎಂಬ ವಿಮರ್ಶೆ ಬಂದಿದೆ, ಅದು ಸರಿಯೇ. ಸೂತ್ರ ಬಿದ್ದರೂ ಎಣಿಕೆ ಬೀಳುವುದಿಲ್ಲ.

ಕರ್ನಾಟಕದ ಮಟ್ಟಿಗೆ ಎಡವುತ್ತಿರುವುದೂ ಅಲ್ಲೇ. ಹದಿನೈದರ ಪ್ರತಿಭಾವಂತ ಹುಡುಗ ಶಾಲೆಗೆ, ಕ್ಲಬ್ಬಿಗೆ, ವಲಯದ ತಂಡಕ್ಕೆ, ಅಕಾಡೆಮಿಯ ನೆಟ್ಸಿಗೆ, ಭಾನುವಾರ ಟೆನಿಸ್ ಬಾಲ್ ಟೂರ್ನಿಗೆ ಬೌಲ್ ಮಾಡುತ್ತಾನೆ. ಒಬ್ಬೊಬ್ಬ ಕೋಚ್ ತನ್ನ ಪಾಲಿನ ಓವರ್ ಮಾತ್ರ ನೋಡುತ್ತಾನೆ. ಆಸ್ಟ್ರೇಲಿಯ, ಇಂಗ್ಲೆಂಡ್‌ಗಳ ಕ್ರಿಕೆಟ್ ಮಂಡಳಿಗಳು ಹುಡುಗರಿಗೆ ವಯಸ್ಸಿನ ಪ್ರಕಾರ ಬೌಲಿಂಗ್ ಮಿತಿ ಗೊತ್ತುಮಾಡಿವೆ. ಮಿತಿ ಅರ್ಥಪೂರ್ಣವಾಗಬೇಕಾದರೆ ಮೊದಲು ಒಟ್ಟು ಗೊತ್ತಿರಬೇಕು. ಬೆಂಗಳೂರಿನ ಹೊರವಲಯದಲ್ಲಿ 2024ರಲ್ಲಿ ತೆರೆದ ಬಿಸಿಸಿಐಯ ಸೆಂಟರ್ ಆಫ್ ಎಕ್ಸಲೆನ್ಸ್ ಹೆಮ್ಮೆಯ ಸಂಸ್ಥೆ. ಆದರೆ ಅದರ ಬಾಗಿಲು ದಾಟುವ ಹೊತ್ತಿಗೆ ಹುಡುಗನ ಪಾರ್ಸ್ ತನ್ನ ಅಪಾಯದ ವರ್ಷಗಳನ್ನು ಬಹುಪಾಲು ಕಳೆದಿರುತ್ತದೆ. ದಾವಣಗೆರೆಯ ಅಥವಾ ಹಾಸನದ ಮ್ಯಾಟಿಂಗ್ ಮೇಲೆ ಆ ವರ್ಷಗಳಲ್ಲಿ ಅವನೆಸೆದ ಚೆಂಡುಗಳ ದಾಖಲೆ ಎಲ್ಲೂ ಇರುವುದಿಲ್ಲ.

ಅಳತೆಗೆ ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ, ಆದರೆ ಫೋನಿನ ಮಿತಿ ತಿಳಿದಿರಬೇಕು. ಸಾಮಾನ್ಯ ವಿಡಿಯೊ ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ, ಮುಂಗಾಲಿನಿಂದ ಬಿಡುಗಡೆಯವರೆಗಿನ ಅವಧಿಗೆ ಮೂರೇ ಚಿತ್ರ. ಸ್ಲೋ ಮೋಷನ್‌ನಲ್ಲಿ 240 ಚಿತ್ರ ಹಿಡಿದರೆ ಸುಮಾರು 24 ಸಿಗುತ್ತವೆ. ಪಾಪಿಂಗ್ ಕ್ರೀಸಿನ ನೇರಕ್ಕೆ, ಬದಿಯಲ್ಲಿ, ಮಂಡಿಯ ಎತ್ತರದಲ್ಲಿ ಫೋನ್ ನಿಲ್ಲಿಸಿದರೆ ಮಂಡಿಯ ಕೋನವನ್ನು ಉಪಯೋಗಕ್ಕೆ ಬರುವಷ್ಟು ನಿಖರವಾಗಿ ಓದಬಹುದು. ಭುಜದ ಎದುರು ತಿರುವು ಬದಿಯಿಂದ ಕಾಣುವುದೇ ಇಲ್ಲ. ಅದಕ್ಕೆ ನೆಟ್‌ನ ಮೇಲಿನ ಕಂಬಿಗೆ ಕ್ಯಾಮೆರಾ ಕಟ್ಟಬೇಕು, ಪರ್ತ್‌ನವರು ಆರಂಭದಲ್ಲಿ ಮಾಡಿದ್ದೂ ಅದನ್ನೇ. ಬದಿಯ ವಿಡಿಯೊ ನೋಡಿ ‘ಮಿಶ್ರ ಆ್ಯಕ್ಷನ್’ ಎಂದು ತೀರ್ಪು ಕೊಟ್ಟು ಹುಡುಗನ ಬೌಲಿಂಗ್ ಬದಲಿಸುವುದು ಅಳತೆಯಿಲ್ಲದೆ ಚಿಕಿತ್ಸೆ ಮಾಡಿದಂತೆ.

ಇಲ್ಲಿ ಆಧರಿಸಿದ ಅಧ್ಯಯನಗಳ ಅಂಕಿಗಳೆಲ್ಲ ಆಸ್ಟ್ರೇಲಿಯ, ಇಂಗ್ಲೆಂಡ್‌ಗಳ ಬೌಲರುಗಳವು. ಅಲ್ಲಿನ ಆಹಾರ, ಆಟದ ಋತು, ಹುಲ್ಲಿನ ಪಿಚ್ ಬೇರೆ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ವಯೋಮಿತಿ ಟೂರ್ನಿಗಳಿಗೆ ಬರುವ ಪ್ರತಿಯೊಬ್ಬ ವೇಗಿಯ ಕೈಗೆ, ಎಲ್ಲ ತಂಡಗಳಿಗೂ ಅನ್ವಯಿಸುವ ಒಂದೇ ಬೌಲಿಂಗ್ ಪುಸ್ತಕ ಕೊಟ್ಟು, ಅವನ ಎತ್ತರ, ತೂಕ, ಬೆನ್ನುನೋವಿನ ದಿನಗಳನ್ನು ಅದರಲ್ಲೇ ಬರೆಸಿದರೆ ಐದು ಋತುಗಳಲ್ಲಿ ಫಾಸ್ಟರ್ ಅವರ 82 ಹುಡುಗರಿಗಿಂತ ದೊಡ್ಡ ಸಮೂಹದ ದತ್ತಾಂಶ ಸಿದ್ಧವಾಗುತ್ತದೆ. ವರ್ಷಕ್ಕೊಮ್ಮೆ ಮೇಲಿನಿಂದ ಮತ್ತು ಬದಿಯಿಂದ ತೆಗೆದ ವಿಡಿಯೊ ಸೇರಿಸಿಕೊಂಡರೆ ಮ್ಯಾಟಿಂಗ್ ಮೇಲೆ ಬೌಲ್ ಮಾಡುವ ಹುಡುಗನ ಬೆನ್ನಿಗೆ ಎಷ್ಟು ಚೆಂಡು ಹೆಚ್ಚು ಎಂಬ ಪ್ರಶ್ನೆಯನ್ನು ಮೊದಲ ಸಲ ಇಲ್ಲಿಯದೇ ಅಂಕಿಗಳಿಂದ ಕೇಳಬಹುದು.