ಪ್ರಾಚೀನ ಈಜಿಪ್ಟ್: ಶವರಕ್ಷಣೆ ಮತ್ತು ವೈದ್ಯ

ಸತ್ತವರ ದೇಹ ಕೆಡದಂತೆ ಕಾಪಾಡಲು ಈಜಿಪ್ಟಿನವರು ನೆಚ್ಚಿದ್ದು ನೇಟ್ರಾನ್ ಎಂಬ ಸೋಡಾ ಉಪ್ಪನ್ನು. ಕೈರೋದ ವಾಯವ್ಯಕ್ಕಿರುವ ವಾಡಿ ನತ್ರುನ್ ತಗ್ಗಿನಲ್ಲಿ ಅದು ಹೇರಳವಾಗಿತ್ತು. ಸಿರಿವಂತರ ಶವ ಸಿದ್ಧವಾಗಲು ಸುಮಾರು 70 ದಿನ ಹಿಡಿಯುತ್ತಿತ್ತು. ಮೂಗಿನೊಳಗೆ ಕೊಕ್ಕೆ ತೂರಿಸಿ ಮಿದುಳು ತೆಗೆಯುತ್ತಿದ್ದರು. ಹೊಟ್ಟೆಯ ಎಡಬದಿ ಕೊಯ್ದು ಯಕೃತ್ತು, ಶ್ವಾಸಕೋಶ, ಜಠರ, ಕರುಳುಗಳನ್ನು ಹೊರತೆಗೆದು ಒಣಗಿಸುತ್ತಿದ್ದರು. ಹೃದಯವನ್ನು ಸಾಮಾನ್ಯವಾಗಿ ಮುಟ್ಟುತ್ತಿರಲಿಲ್ಲ. ಬುದ್ಧಿಯ ನೆಲೆ ಅದೇ ಎಂಬುದು ಅವರ ನಂಬಿಕೆ.

ಹಾಗೆಂದು ಅವರ ವೈದ್ಯರನ್ನು ಹಗುರವಾಗಿ ಕಾಣುವಂತಿಲ್ಲ. ಕ್ರಿ.ಪೂ. 1600ರ ಸುಮಾರಿನ ಎಡ್ವಿನ್ ಸ್ಮಿತ್ ಪಪೈರಸ್ ಎಂಬ ವೈದ್ಯಕೀಯ ಸುರುಳಿ 48 ಪ್ರಕರಣಗಳನ್ನು ತಲೆಯಿಂದ ಆರಂಭಿಸಿ ಕೆಳಮುಖವಾಗಿ ವಿವರಿಸುತ್ತದೆ. ಪರೀಕ್ಷೆ, ನಿದಾನ, ಆಮೇಲೆ ಮೂರರಲ್ಲೊಂದು ತೀರ್ಪು: ವಾಸಿಮಾಡಬಹುದು, ಸೆಣಸಿ ನೋಡಬಹುದು, ಕೈಮೀರಿದೆ. ಕುತ್ತಿಗೆಯ ಮೂಳೆ ಸರಿದರೆ ಕೈಕಾಲುಗಳ ಸ್ವಾಧೀನ ತಪ್ಪುವುದನ್ನೂ ಅದು ದಾಖಲಿಸಿದೆ. ಮಿದುಳನ್ನು ಒಂದೆಡೆ ಕಿತ್ತೆಸೆದ ನಾಡಿನಲ್ಲೇ ಇಂಥ ಸೂಕ್ಷ್ಮ ನೋಟ!

ಗಾಯಕ್ಕೆ ಮೊದಲ ದಿನ ಹಸಿ ಮಾಂಸ ಕಟ್ಟಿ, ಬಳಿಕ ಜೇನು, ಕೊಬ್ಬು, ನಾರಿನ ಪಟ್ಟಿ ಹಾಕುತ್ತಿದ್ದರು. ಈ ಪ್ರಕರಣಗಳಲ್ಲಿ ಮಂತ್ರಕ್ಕೆ ಜಾಗ ತೀರಾ ಕಡಿಮೆ. ಇನ್ನೊಂದು ವೈದ್ಯಕೀಯ ಸುರುಳಿಯಾದ ಎಬರ್ಸ್ ಪಪೈರಸ್‌ನಲ್ಲಾದರೋ ಮದ್ದೂ ಮಂತ್ರವೂ ಬೆರೆತಿವೆ.

ಎಡ್ವಿನ್ ಸ್ಮಿತ್ 1862ರಲ್ಲಿ ಲಕ್ಸರ್‌ನಲ್ಲಿ ಕೊಂಡ, ಅವರ ಹೆಸರನ್ನೇ ಹೊತ್ತ ಸುರುಳಿಯ ಅನುವಾದವನ್ನು ಜೇಮ್ಸ್ ಹೆನ್ರಿ ಬ್ರೆಸ್ಟೆಡ್ 1930ರಲ್ಲಿ ಪ್ರಕಟಿಸಿದರು. ಮೂಲಪ್ರತಿ ನ್ಯೂಯಾರ್ಕಿನ ವೈದ್ಯಕೀಯ ಅಕಾಡೆಮಿಯಲ್ಲಿದೆ.